ಬೂದು ಕೊಕ್ಕರೆಯ ಮುಖವಾಡ

"ಕಳ್ಳ ಸಿಕ್ಕಿಬಿದ್ದ!" ಬಸ್ ಓಡಿಸುವ ಲಾನಿ ಕೂಗುತ್ತಲೇ ಕಾಮಿಕ್ಸ್ ಅಂಗಡಿಗೆ ನುಗ್ಗಿದ. "ನಮ್ಮ ರೋವನ್ ಯಜಮಾನ್ರು ನಿನ್ನೆ ಮತ್ತೆ ಅದೇ 'ಬೂದು ಕೊಕ್ಕರೆ' ಸಿನಿಮಾಕ್ಕೆ ಹೋಗಿದ್ರು. ಇಲ್ಲಿ ಬೈಯೋದು, ಅಲ್ಲಿ ಕದ್ದು ನೋಡೋದು!"

ಅಂದು ಬುಧವಾರ. ಟೊಲೀಡೊ ಊರಿನ ಆ ಅಂಗಡಿಗೆ ಹೊಸ ಸಂಚಿಕೆಗಳು ಬರುವ ದಿನ. ಖಾಯಂ ಗಿರಾಕಿಗಳ ಪಾಲನ್ನು ಹೆಸರು ಬರೆದ ಪೆಟ್ಟಿಗೆಗಳಲ್ಲಿ ಎತ್ತಿಡುವುದು ವಾಡಿಕೆ. ಹೋದ ವರ್ಷವಷ್ಟೇ ಅಂಗಡಿ ಕೊಂಡ ನಡೀನ್‌ಗೆ ಗಿರಾಕಿಗಳ ಪರಿಚಯವಾದದ್ದೇ ಪೆಟ್ಟಿಗೆಗಳಿಂದ. 'ರೋವನ್' ಎಂಬ ಪೆಟ್ಟಿಗೆಯನ್ನು ಈ ಮುದುಕ ತಪ್ಪದೆ ಖಾಲಿ ಮಾಡುತ್ತಿದ್ದ. ಆಮೇಲೆ ಜಗಳಕ್ಕೆ ನಿಲ್ಲುತ್ತಿದ್ದ. ಪಾಪ, ವಾರಕ್ಕೆಲ್ಲ ಅವನಿಗಿದ್ದ ಮಾತುಕತೆ ಅದೊಂದೇ.

ಮುದುಕ ನಾಚಲಿಲ್ಲ. "ಪುಸ್ತಕದಲ್ಲಿ ಬೂದು ಕೊಕ್ಕರೆ ಒಂದು ಸಲವಾದ್ರೂ ಮುಖವಾಡ ತೆಗೀತಾನಾ? ಸಿನಿಮಾದೋರು ತೆಗೆಸಿಬಿಟ್ರು. ದ್ರೋಹ ಅದು."

"ಪುಸ್ತಕ ಪಕ್ಕಕ್ಕಿಡಿ. ಸಿನಿಮಾನ ಸಿನಿಮಾ ಅಂತ ನೋಡಿ," ಎಂದಳು ನಡೀನ್. "ಮುಖ ಕಾಣ್ದಿದ್ರೆ ಜನಕ್ಕೆ ಅಳು ಹೇಗೆ ಬರುತ್ತೆ?"

"ಬರುತ್ತೆ." ಮುದುಕನ ದನಿ ಇಳಿಯಿತು. "ಗಡಿಯಾರದ ಗೋಪುರದಿಂದ ಹಾರಿ ಎಡಗಾಲ ಮೇಲೆ ಇಳೀತಾನಲ್ಲ, ಅದೊಂದು ಮಾತ್ರ ಸರಿಯಾಗಿದೆ."

"ಪುಸ್ತಕದಲ್ಲಿ ಬಲಗಾಲು, ಯಜಮಾನ್ರೇ!" ಲಾನಿ ಕುಣಿದ. "ಓದಿದ್ರೆ ತಾನೇ ಗೊತ್ತಾಗೋದು! ಸಿನಿಮಾನೂ ಪೂರ್ತಿ ನೋಡಲ್ಲ. ಅವನು ಮುಖವಾಡಕ್ಕೆ ಕೈ ಹಾಕಿದ, ಇವರು ಎದ್ದು ಹೊರಟ್ರು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮುದುಕ ಪುಸ್ತಕಗಳನ್ನು ಎದೆಗವಚಿಕೊಂಡ. ಅವನ ಹಠಕ್ಕೆ ನಡೀನ್‌ಗೆ ರೇಗಿತು.

"ಇವತ್ತು ಸಂಜೆ ಕಡೇ ಆಟ. ನಾಳೆ ಸಿನಿಮಾ ಎತ್ತಿಬಿಡ್ತಾರೆ. ನನ್ನ ಜೊತೆ ಬಂದು ಕೊನೇವರೆಗೂ ಕೂತ್ಕೊಳ್ಳಿ. ಕೂರದಿದ್ರೆ ಇನ್ಮೇಲೆ ಇಲ್ಲಿ ಅದರ ಮಾತೆತ್ತಬಾರ್ದು."

ಆ ಮಾತೂ ಹೋದರೆ ಅವನಿಗೆ ಉಳಿಯುವುದೇನು? ಮುದುಕ ತಲೆಯಾಡಿಸಿದ.

ಚಿತ್ರಮಂದಿರ ಬಹುಪಾಲು ಖಾಲಿ. ತಂದ ಪಾಪ್‌ಕಾರ್ನ್ ಅವನ ಮಡಿಲಲ್ಲೇ ತಣ್ಣಗಾಯಿತು. ಕೊಕ್ಕರೆ ಗೋಪುರದಿಂದ ಹಾರಿದಾಗ ಮುದುಕ ಕುರ್ಚಿಯ ಕೈ ಬಿಗಿಹಿಡಿದ. ಇಳಿದಾಗ ನಕ್ಕ. ಅವನು ನಕ್ಕದ್ದನ್ನು ನಡೀನ್ ಕಂಡದ್ದು ಅದೇ ಮೊದಲು. ಇವನಿಗೆ ಸಿನಿಮಾ ಇಷ್ಟವೇ ಆಗಿದೆ, ಬಿಗುಮಾನ ಅಷ್ಟೇ ಎಂದುಕೊಂಡಳು.

ಪರದೆಯ ಮೇಲೆ ಕೈ ಮುಖವಾಡದತ್ತ ಏರಿತು. ಮುದುಕ ಎದ್ದ. ನಡೀನ್ ಅವನ ತೋಳು ಹಿಡಿದಳು.

"ಒಪ್ಪಂದ ಏನಾಯ್ತು? ಇನ್ನೆರಡು ನಿಮಿಷ ಕೂತ್ಕೊಳ್ಳಿ, ರೋವನ್ ಅವರೇ. ಮುಖವಾಡ ತೆಗೆದ್ರೂ ಒಳಗಿರೋನು ಅದೇ ಮನುಷ್ಯ ತಾನೇ?"

ಮುದುಕ ಪರದೆಗೆ ಬೆನ್ನು ಹಾಕಿ ನಿಂತಿದ್ದ. ಅವನ ಗಲ್ಲ ಒದ್ದೆಯಾಗಿತ್ತು.

"ಅಲ್ಲ ಕಣಮ್ಮ, ತೆಗೆದ್ಮೇಲೆ ಅವನು ಆ ನಟ; ತೆಗೆಯೋವರೆಗೂ ಆ ನಟನ ಬದಲಿಗೆ ಹಾರ್ತಿರೋದು ರೋವನ್, ತೀರಿಹೋದ ನನ್ನ ಮಗ."