ಉಪ್ಪಿನಕಾಯಿ ಜಾಡಿಯ ಜಾಗ

ಒಂಬತ್ತು ದಿನ ಯಾರೂ ದಾಟದ ಬಾಗಿಲನ್ನು ಗೋಡೆಯೇ ನುಂಗಿಬಿಡುತ್ತಿದ್ದ ಕಾಲವದು. ಅದಕ್ಕೇ ಜನ ದಿನಾ ಬೇಕಾಗುವ ಸಾಮಾನನ್ನು ಕೋಣೆಗೊಂದರಂತೆ ಹಂಚಿ ಇಡುತ್ತಿದ್ದರು. ಕಾಲಿನ ಶಕ್ತಿ ಹೋಗಿ ಹಾಸಿಗೆ ಹಿಡಿದಿದ್ದ ಸಂಕವ್ವ, ಹಿಂದಿನ ಕೋಣೆಯಲ್ಲಿ ಉಪ್ಪಿನಕಾಯಿ ಜಾಡಿಯನ್ನು ಮಂಚದ ಪಕ್ಕದಲ್ಲೇ ಇಡಿಸಿಕೊಂಡಿದ್ದಳು. ಊಟದ ಹೊತ್ತಿಗೆ ಯಾರಾದರೊಬ್ಬರು ಒಳಗೆ ಬರಲೇಬೇಕಿತ್ತು.

ಅವತ್ತು ಸೊಸೆ ನೀಲವ್ವ ಪಡಸಾಲೆಯ ನೆಲದ ಮೇಲೆ ಸುಣ್ಣದಿಂದ ಮನೆಯ ಹೊಸ ನಕಾಶೆ ಬರೆದಳು. ಅಡುಗೆಮನೆಗೊಂದು, ಬಚ್ಚಲಿಗೊಂದು, ದೇವರ ಕೋಣೆಗೊಂದು ಓಡಾಟದ ಗೆರೆ ಎಳೆದಳು. ಸಂಕವ್ವನ ಹೊಸ್ತಿಲ ಕಡೆಗೆ ಒಂದು ಗೆರೆಯೂ ಬರಲಿಲ್ಲ. ಆಮೇಲೆ ಹಿಂದಿನ ಕೋಣೆಗೆ ಬಂದು ಜಾಡಿಗೆ ಕೈ ಹಾಕಿದಳು.

“ಅತ್ತಿ, ಜಾಡಿ ಇನ್ನ ಒಲಿ ಹತ್ರ ಇಡ್ತೀನ್ರಿ.”

“ಅಲ್ಲಿ ಹಬಿ ತಾಗಿ ಬೂಸ್ಟು ಹಿಡಿತೈತಿ. ಇಲ್ಲೇ ಇರ್ಲಿ ನನ್ನವ್ವಾ.”

“ಬೂಸ್ಟು ಹಿಡದ್ರ ನಾನ ತಿಂತೀನಿ, ಬಿಡ್ರಿ.”

“ಬಸಣ್ಣ ಏನಂದ?”

“ನಿಮ್ಮ ಮಗಾ? ಚಲೋ ಆತು ಅಂದ್ರು. ಇಷ್ಟು ದೂರ ಬಂದು ಅವರಿಗೂ ಕಾಲು ನೋಯ್ತಾವಂತ.” ನೀಲವ್ವ ಜಾಡಿಯನ್ನು ಸೊಂಟಕ್ಕೇರಿಸಿ ನಕ್ಕಳು. “ನಿಮಗ ಊಟ ಕಿಟಕಿಯಾಗಿಂದ ಕೊಡ್ತೀನಿ. ಒಂದ್ ದಿನಾನೂ ಮರಿಯಂಗಿಲ್ಲ.”

ಸಂಕವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಲವತ್ತು ವರ್ಷದ ಹಿಂದೆ ತನ್ನ ಅತ್ತೆಯ ಮಂಚದ ಪಕ್ಕದಿಂದ ಇದೇ ಜಾಡಿಯನ್ನು ಎತ್ತಿಕೊಂಡು ಹೋಗುವಾಗ ತಾನೂ ಇದೇ ಮಾತು ಕೊಟ್ಟಿದ್ದಳು. ಬಾಗಿಲು ಮುಚ್ಚಿಹೋದ ಮೇಲೆ ಅತ್ತೆಯ ಕಿಟಕಿಗೆ ತಾನು ಊಟ ಒಯ್ದದ್ದು ನಾಲ್ಕೇ ದಿನ ಎಂಬುದನ್ನು ಅವಳು ಮರೆತಿರಲಿಲ್ಲ.