ಐದನೇ ಹಾಳೆ

ಭತ್ತ ಕೊಯ್ದು ಗದ್ದೆಯಲ್ಲಿ ಕೂಳೆಯಷ್ಟೇ ಉಳಿದಿದ್ದ ಮಾಘದ ಚಳಿ. ಸೋಮವಾರ ಬೆಳಗಿನ ಆರು ಗಂಟೆ. ಮೇಲಿನ ಗದ್ದೆಯವನು ಅಂಜನಾಪುರದ ಚಾನಲ್ ನೀರನ್ನು ಬೇಸಿಗೆ ಬೆಳೆಗೆ ತಿರುಗಿಸಿ ಮಲಗಿಬಿಟ್ಟಿದ್ದ. ಬದು ಒಡೆದು ನೀರೆಲ್ಲ ಕೆಳಗಿನ ಗದ್ದೆಯ ಕುರಿ ಹಟ್ಟಿಗೆ ನುಗ್ಗಿತು.

“ಮೊದಲು ಮರಿ! ಮರಿ ಎತ್ಕೊಳ್ರಿ!” ಎಂದು ಚಿಕ್ಕಬೀರಪ್ಪ ಕೂಗಿದ. ಹೆಂಡತಿ ಗುತ್ಯಮ್ಮ, ಮೊಮ್ಮಗಳು ನಾಗಶ್ರೀ ಕೆಸರಿನಲ್ಲಿ ಬಿದ್ದೆದ್ದು ಹನ್ನೊಂದು ಮರಿಗಳನ್ನು ರಸ್ತೆ ಬದಿಗೆ ಹೊತ್ತು ತಂದರು. ಕೊನೆಯ ಮರಿಯನ್ನು ಇಳಿಸಿದ ಮೇಲೆಯೇ ನಾಗಶ್ರೀಗೆ ತನ್ನ ಕಾಲೇಜಿನ ಚೀಲ ನೆನಪಾದದ್ದು.

ಚೀಲದಲ್ಲಿದ್ದ ನೋಟ್ ಪುಸ್ತಕ ನೀರು ಕುಡಿದು ಉಬ್ಬಿತ್ತು. ಶಾಯಿ ಹರಿದು ಬರೆದಿದ್ದ ಎಂಟೂ ಹಾಳೆ ನೀಲಿ. ಒಂದಕ್ಷರ ಉಳಿದಿರಲಿಲ್ಲ. ಶಿಕಾರಿಪುರದ ಕಾಲೇಜಿನಲ್ಲಿ ಬರವಣಿಗೆ ತರಗತಿಯ ಮೇಡಂ ಕೊಟ್ಟ ಕೆಲಸ ಅದು. ಮನೆಯ ಒಬ್ಬರ ಬದುಕನ್ನು ಬರೆಯಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು, ಕೊನೆಯ ಹಾಳೆಯಲ್ಲಿ ತನಗೇನನ್ನಿಸಿತೆಂದು ಬರೆಯಬೇಕು. ಇವತ್ತು ಕೊಡದಿದ್ದರೆ ಫೇಲು. ನಾಗಶ್ರೀ ಅಜ್ಜನ ಬಗ್ಗೆ ಬರೆದಿದ್ದಳು. ಭಾನುವಾರ ಬುತ್ತಿ ತಂದವಳು ಸಂಜೆ ಹಟ್ಟಿಯಲ್ಲೇ ಕೂತು ಅಜ್ಜನಿಗೆ ಓದಿಯೂ ಹೇಳಿದ್ದಳು. ಐದನೇ ಹಾಳೆ ಒಂದನ್ನು ಬಿಟ್ಟು.

“ಅಳಬ್ಯಾಡ. ಬ್ಯಾರೆ ಪುಸ್ತಕ ಐತಾ?” ಎಂದ ಚಿಕ್ಕಬೀರಪ್ಪ.

“ಐತಿ ಅಜ್ಜ, ಕವರಿನಾಗೆ ಇತ್ತು, ನೆಂದಿಲ್ಲ. ಆದ್ರೆ ಏನಂತ ಬರೀಲಿ? ಎಲ್ಲಾ ಹೋತು.”

“ಹೋಗಿಲ್ಲ. ನಾ ಹೇಳ್ತೀನಿ, ಬರ್ಕೋ.”

ಎರಡನೇ ಕ್ಲಾಸು ಮುಗಿಸದ ಮುದುಕ ಕಣ್ಣು ಮುಚ್ಚಿ ಶುರು ಮಾಡಿದ. ಅವಳದೇ ಮಾತು, ಅವಳು ನಿಲ್ಲಿಸಿದಲ್ಲೇ ನಿಲ್ಲಿಸಿ. ಯಾವ ಮರಿ ಯಾವ ಕುರಿಯದೆಂದು ಕೂಗು ಕೇಳಿಯೇ ಹೇಳುವವನು ಅವನು.

“ಸಂತೆಗೆ ಹೋದ್ರೆ ಉಪ್ಪು ತರೋದು ಮರೀತೀರಿ. ಇದು ಮಾತ್ರ ನೆಪ್ಪೈತಿ!” ಗುತ್ಯಮ್ಮ ಸೀರೆ ಹಿಂಡುತ್ತಾ ಚುಚ್ಚಿದಳು.

“ಉಪ್ಪು ನನ್ನ ಬಗ್ಗೆ ಏನೂ ಬರೆದಿಲ್ಲಲ್ಲ!”

ನಾಗಶ್ರೀ ನಗಲಿಲ್ಲ. ಹಾಳೆ ಮುಗಿದಂತೆಲ್ಲ ಐದನೆಯದಕ್ಕೆ ಇನ್ನೆಷ್ಟು ಉಳಿಯಿತೆಂದು ಲೆಕ್ಕ ಹಾಕುತ್ತಿದ್ದಳು. ಹೋದ ಶ್ರಾವಣದಲ್ಲಿ ಅಜ್ಜ ಕುರಿ ಹೊಡೆದುಕೊಂಡು ಶಿಕಾರಿಪುರದ ಬಸ್‌ಸ್ಟ್ಯಾಂಡ್ ಮುಂದೆ ಹೋಗುತ್ತಿದ್ದ. ಅವಳನ್ನು ಕಂಡು “ನಾಗೀ, ಉಂಡ್ಯಾ?” ಎಂದು ಕೂಗಿದ. “ಯಾರೇ ಅದು?” ಎಂದಳು ಪಕ್ಕದಲ್ಲಿದ್ದ ಗೆಳತಿ ಚೈತ್ರ. “ನಮ್ಮ ಕುರಿ ಕಾಯೋರು” ಎಂದುಬಿಟ್ಟಿದ್ದಳು ನಾಗಶ್ರೀ. ಅಜ್ಜನಿಗೆ ಅದು ಕೇಳಿಸಿತೋ ಇಲ್ಲವೋ ಈವರೆಗೂ ಗೊತ್ತಿಲ್ಲ. ಐದನೇ ಹಾಳೆಯಲ್ಲಿ ಇದ್ದದ್ದು ಅದೇ.

ನಾಲ್ಕನೇ ಹಾಳೆಯ ಕೊನೆಗೆ ಬಂದು ಚಿಕ್ಕಬೀರಪ್ಪ ಕಣ್ಣು ತೆರೆದ. “ಇಲ್ಲೊಂದು ಹಾಳೆ ಖಾಲಿ ಬಿಡು.”

“ಯಾಕಜ್ಜ?”

“ನಿನ್ನೆ ಇಲ್ಲಿ ಎರಡು ಹಾಳೆ ಕೂಡಿಸಿ ಮಗುಚಿದಿ. ಸದ್ದು ದಪ್ಪ ಇತ್ತು. ನಡುವಿಂದು ನೀ ಓದ್ಲಿಲ್ಲ, ನಂಗೆ ಬರಲ್ಲ. ಅದು ನೀನೇ ಬರ್ಕೋ. ಮುಂದಿಂದು ಕೇಳು.”

ಅವಳು ಒಂದು ಹಾಳೆ ಬಿಟ್ಟು ಮುಂದಿನದನ್ನು ತೆರೆದಳು. ಆರು, ಏಳು ಹೇಗೆ ಬರೆದಳೋ ತಿಳಿಯಲಿಲ್ಲ. ಏಳು ಮುಗಿಯುವಾಗ ಎಂಟೂವರೆಯ ಬಸ್ಸು ದೂರದ ತಿರುವಿನಲ್ಲಿ ಕಾಣಿಸಿತು. ಖಾಲಿ ಹಾಳೆಯನ್ನು ಕಿತ್ತುಹಾಕಿದರೆ ಮೇಡಂಗೇನು ಗೊತ್ತಾಗುತ್ತದೆ? ಹಾಳೆಯ ತುದಿ ಹಿಡಿದು ಕೂತಳು. ಅಷ್ಟರಲ್ಲಿ ಚಿಕ್ಕಬೀರಪ್ಪ ಎದ್ದು ಮಂದೆಯನ್ನೆಲ್ಲ ರಸ್ತೆಗೆ ತಿರುಗಿಸಿದ.

“ಬಸ್ ಬರೋ ಹೊತ್ನಾಗ ಇದೇನ್ರೀ ನಿಮ್ದು?” ಗುತ್ಯಮ್ಮ ಬೈದಳು.

“ಅಕಿದು ಒಂದು ಹಾಳೆ ಬಾಕಿ ಐತಿ.”

ನಾಗಶ್ರೀ ಮಂಡಿಯ ಮೇಲೆ ಪುಸ್ತಕವಿಟ್ಟು ಐದನೇ ಹಾಳೆ ಬರೆಯತೊಡಗಿದಳು. ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಕಂಡಕ್ಟರ್ ಇಳಿದು ಕೂಗಾಡಿದ. ಕುರಿಗಳು ತಮ್ಮ ಪಾಡಿಗೆ ನಿಂತಿದ್ದವು. ಕಿಟಕಿಯಿಂದ ಚೈತ್ರಳ ತಲೆ ಹೊರಬಂತು.

“ನಾಗಶ್ರೀ, ನಿಮ್ಮ ಕುರಿ ಕಾಯೋರಿಗೆ ಬೇಗ ದಾಟಿಸೋಕೆ ಹೇಳೇ! ಫಸ್ಟ್ ಪೀರಿಯಡ್ ಹೋಗುತ್ತೆ!”

ಚಿಕ್ಕಬೀರಪ್ಪ ಈ ಕಡೆ ತಿರುಗಲಿಲ್ಲ. ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ, ಅಷ್ಟೇ.

ನಾಗಶ್ರೀ ಐದನೆಯದನ್ನು ಮುಗಿಸಿ ಕೊನೆಯ ಹಾಳೆ ತೆಗೆದಳು. ತನಗೇನನ್ನಿಸಿತು ಎನ್ನುವ ಕಡೆ ನಿನ್ನೆ ಹಾಳೆ ತುಂಬ ಹೆಮ್ಮೆಯ ಮಾತು ಬರೆದಿದ್ದಳು. ಈಗ ಬರೆದದ್ದು ಒಂದೇ ಸಾಲು: ‘ಓದುವಾಗ ಒಂದು ಹಾಳೆ ಬಿಟ್ಟೆ. ಅಜ್ಜ ಹಾಳೆಯ ಸದ್ದು ಎಣಿಸುತ್ತಿದ್ದ.’ ಕುರಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಪುಸ್ತಕವನ್ನು ಕಿಟಕಿಗೆ ಚಾಚಿದಳು.

“ಮೇಡಂಗೆ ಕೊಡು. ಕೊಡೋ ಮುಂಚೆ ಐದನೇ ಹಾಳೆ ನೀನು ಓದು.”

“ನೀ ಬರಲ್ವಾ?”

“ಹಟ್ಟಿ ಎಲ್ಲಾ ನೆಂದೈತಿ. ಬ್ಯಾರೆ ಕಡೆ ಹೂಡಬೇಕು. ನಮ್ಮಜ್ಜಗೆ ಒಬ್ಬನಿಗೇ ಆಗಲ್ಲ.”

ಚಿಕ್ಕಬೀರಪ್ಪ ನಾಲಿಗೆಯಿಂದ ಒಂದು ಸದ್ದು ಮಾಡಿದ. ಮಂದೆ ರಸ್ತೆ ಬಿಟ್ಟು ಗದ್ದೆಗಿಳಿಯಿತು. ಆ ಸೋಮವಾರ ಎಂಟೂವರೆಯ ಬಸ್ಸಿಗೆ ಅಲ್ಲಿಂದ ಹೋದದ್ದು ಪುಸ್ತಕ ಒಂದೇ.