ದಿಂಬು ಇಟ್ಟ ಜಾಗ

“ನಾನು ಕೂಗಾಡ್ತೀನಂತೆ! ಇವಳ ಬಾಯಿಗೆ ಬೀಗ ಹಾಕೋರು ಯಾರು, ಕೇಳಿ ಮೇಡಂ!” ಅಪ್ಪ ಲ್ಯಾಪ್‌ಟಾಪಿನ ಪರದೆಯತ್ತ ಬೆರಳು ಚಾಚಿದ. “ಕೇಳಲಿ ಬಿಡಿ, ನಿಮ್ಮ ಬಂಡವಾಳವೂ ಬಯಲಾಗುತ್ತೆ,” ಅಮ್ಮ ಹಲ್ಲು ಕಡಿದಳು. ಮಗಳ ಕೌನ್ಸೆಲಿಂಗ್‌ಗೆಂದು ಗೊತ್ತುಮಾಡಿದ್ದ ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಹೀಗೇ ಹೋಗಿತ್ತು.

ಪರದೆಯಲ್ಲಿದ್ದ ಕೌನ್ಸೆಲರ್ ಕೈಯೆತ್ತಿ ತಡೆದಳು. “ಪುಟ್ಟಿ, ಇವರು ಹೀಗೆ ಜಗಳ ಆಡುವಾಗ ನೀನೆಲ್ಲಿ ಕೂರ್ತೀಯ? ತೋರಿಸ್ತೀಯಾ?”

ಎಂಟು ವರ್ಷದ ಮಗಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಸ್ಟೋರ್ ರೂಮಿಗೆ ನುಗ್ಗಿ ಚಿಲಕ ಹಾಕಿಕೊಂಡಳು. “ತೆಗೀತೀಯೋ ಇಲ್ವೋ?” ಅಪ್ಪ ಬಾಗಿಲು ಗುದ್ದಿದ. “ಸಿಟ್ಟು ಥೇಟ್ ನಿಮ್ಮದೇ!” ಅಮ್ಮ ಚುಚ್ಚಿದಳು.

ಒಳಗಿನಿಂದ ಕೌನ್ಸೆಲರ್ ದನಿ ಕೇಳಿಸಿತು. “ಅಕ್ಕಿ ಡಬ್ಬದ ಪಕ್ಕ ದಿಂಬು, ಹೊದಿಕೆ ಯಾಕಿದೆ ಪುಟ್ಟಿ?”

ಮತ್ತೆ ಗುದ್ದಲು ಎತ್ತಿದ ಅಪ್ಪನ ಕೈ ಅಲ್ಲೇ ನಿಂತಿತು.

“ಇವರದ್ದು ಬೇಗ ಮುಗಿಯಲ್ಲ ಮೇಡಂ. ಅಷ್ಟರಲ್ಲಿ ನಂಗೆ ನಿದ್ದೆ ಬಂದುಬಿಡುತ್ತೆ.”